ಸುಮ್ಮನಿರುವ ಪರೀಕ್ಷೆ

ಅವರ ಎಡಗೈ ಸದಾ ಜುಬ್ಬಾದ ಜೇಬಿನಲ್ಲಿರುತ್ತಿತ್ತು. ಬಲಗೈಯನ್ನು ಓಣಿಯವರೆಲ್ಲ ಬಲ್ಲರು. ಬೆರಳ ತುದಿಗಳಲ್ಲಿ ಸೋಲ್ಡರಿಂಗ್ ಕಡ್ಡಿ ಸುಟ್ಟ ಕಂದು ಕಲೆಗಳು, ಹೆಬ್ಬೆರಳಿನ ಉಗುರಿನಲ್ಲಿ ತಂತಿ ಸುಲಿದು ಸುಲಿದು ಬಿದ್ದ ಗೀರು. ಎಡಗೈ ಮಾತ್ರ ಯಾರಿಗೂ ಸುಲಭಕ್ಕೆ ಕಾಣಿಸುತ್ತಿರಲಿಲ್ಲ. ಹೊಸಬರು ಅದು ಊನವಾಗಿರಬೇಕೆಂದು ಮರುಗುತ್ತಿದ್ದರು, ಇಲ್ಲವೇ ಮುದುಕನಿಗೆ ಎಷ್ಟು ಜಂಬ ಎಂದು ಮುಖ ತಿರುಗಿಸುತ್ತಿದ್ದರು. ಜೇಬಂತೂ ಆ ಭಾರಕ್ಕೆ ಹರಿದು ಹರಿದು, ಅವರ ಹೆಂಡತಿ ಗಾದಿಯ ದಪ್ಪ ಬಟ್ಟೆಯನ್ನು ಒಳಗಿಟ್ಟು ಎರಡೆಳೆ ಹೊಲಿದು ಕೊಡುತ್ತಿದ್ದರು.

ನಾನೂ ಒಮ್ಮೆ ತಡೆಯಲಾರದೆ ಕೇಳಿದೆ. ಅವರು ನಕ್ಕರು.

"ಕರೆಂಟಿಗಿ ಎದಿ ಅಂದ್ರ ಬಾಳ ಪ್ರೀತಿ ನೋಡ್ರಿ ಅಕ್ಕೋರೇ. ಎರಡೂ ಕೈ ಮಷೀನಿನಾಗ ಹಾಕಿದ್ರ ಒಂದ್ರಾಗ ಬಂದು ಇನ್ನೊಂದ್ರಾಗ ಹೋಗ್ತದ, ನಡುವ ಎದಿ ಸಿಗ್ತದ. ಒಂದೇ ಕೈ ಹಾಕಿದ್ರ ಬರೇ ಕಚ್ಚಿ ಬಿಡ್ತದ. ಅದಕ್ಕ ಈ ಕೈ ಪರದಾದಾಗ ಇಟ್ಟೀನಿ."

ಹಳೆಯ ವಾಲ್ವ್ ರೇಡಿಯೋಗಳ ಕಾಲದಲ್ಲಿ ಕಲಿತ ಆ ಎಚ್ಚರಿಕೆ ಮೈಗೆ ಎಷ್ಟು ಹತ್ತಿತ್ತೆಂದರೆ, ಚಹಾ ಕುಡಿಯುವಾಗಲೂ, ಮದುವೆ ಮನೆಯಲ್ಲಿ ನಿಂತಾಗಲೂ, ಬಸ್ಸಿನಲ್ಲಿ ಕಂಬಿ ಹಿಡಿದು ತೂಗಾಡುವಾಗಲೂ ಎಡಗೈ ಜೇಬು ಬಿಡುತ್ತಿರಲಿಲ್ಲ. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಕಲಬುರಗಿಯಲ್ಲಿ ಲಾರಿ ರಿಪೇರಿ ಮಾಡುವವನೂ ಉಸ್ತಾದನೇ, ಕುಸ್ತಿ ಕಲಿಸುವವನೂ ಉಸ್ತಾದನೇ. ನನ್ನ ಮಟ್ಟಿಗೆ ಆ ಹೆಸರು ಇವರೊಬ್ಬರದೇ.

ಬ್ರಹ್ಮಪುರದ ಓಣಿಯ ಬಾಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದ ಗೂಡು. ಸುತ್ತಮುತ್ತ ದೇಶಪಾಂಡೆ, ಕುಲಕರ್ಣಿಗಳ ಮನೆಗಳು. ಆ ಮನೆಗಳ ರೇಡಿಯೋಗಳೆಲ್ಲ ಇವರ ಕೈಯಲ್ಲಿ ಹಾದು ಹೋದವೇ. ನಮ್ಮ ತಂದೆಯ ರೇಡಿಯೋ ಕೆಟ್ಟಾಗ ನಾನು ಮೊದಲ ಸಲ ಅಲ್ಲಿಗೆ ಹೋದದ್ದು. ಮರಳಿ ತರಲು ಹೋದ ದಿನ ಅವರು ರೇಡಿಯೋ ಕೈಗೆ ಕೊಡಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಸ್ವಿಚ್ ಹಾಕಿ, ಯಾವ ಸ್ಟೇಷನ್ನೂ ಹಿಡಿಯದೆ, ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿ, "ಕೇಳ್ರಿ" ಎಂದರು.

"ಏನೂ ಕೇಳಂಗಿಲ್ಲಲ್ರೀ?" ಎಂದೆ.

"ಅದೇ ಬೇಕಾಗಿದ್ದು. ಮೊದ್ಲ ಸುಮ್ಮನಿರೋದು ಬರಬೇಕ್ರಿ. ಹಾಡೋದು ಆಮ್ಯಾಲಿಂದು."

ಇದು ಅವರ ಅಂಗಡಿಯ ಕಟ್ಟಳೆ. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಕುಳಿತು ಆ ಮೌನವನ್ನು ಕೇಳಿಯೇ ಹೋಗಬೇಕು. ಒಳಗಿನಿಂದ ಗುಂಯ್ ಎಂದರೂ ಚುರ್ ಎಂದರೂ ಪೆಟ್ಟಿಗೆ ಮತ್ತೆ ಬಿಚ್ಚುವುದೇ. ಬದುಕುವ ಆಸೆ ಇಲ್ಲದ ಸೆಟ್ಟನ್ನು "ಇದು ಹೋಗ್ಯಾದ, ಮಣ್ಣು ಮಾಡ್ರಿ" ಎಂದು ಮುಖಕ್ಕೆ ಹೇಳಿ ಕಳಿಸುತ್ತಿದ್ದರು. ಮುಲಾಜು ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅದರಿಂದಲೇ ನನಗೆ ಅವರು ಹಿಡಿಸಿದರು. ನನ್ನ ನಾಲಿಗೆಯೂ ಅಂಥದ್ದೇ ಎಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿತ್ತು.

ನಾನು ವಾರವೆಲ್ಲ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಭಾನುವಾರ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೆ. ಆ ಆರ್ಗನ್ನನ್ನು ಹಿಂದೆ ಇಲ್ಲಿದ್ದ ವಿದೇಶಿ ಡಾಕ್ಟರಮ್ಮನೊಬ್ಬಳು ತನ್ನ ದೇಶಕ್ಕೆ ಮರಳುವಾಗ ಸಭೆಗೆ ಬಿಟ್ಟು ಹೋಗಿದ್ದಳು. ಆರ್ಗನ್ ಮೇಜಿನಷ್ಟು, ಅದರ ದನಿ ಹೊರಡುವುದು ಪಕ್ಕದಲ್ಲಿ ನಿಂತ, ಎದೆಯೆತ್ತರದ ಕಟ್ಟಿಗೆಯ ಸ್ಪೀಕರ್ ಪೆಟ್ಟಿಗೆಯಿಂದ. ಅದರೊಳಗೆ ಮೇಲೊಂದು ಕಹಳೆಯಂಥ ಅಗಲ ಬಾಯಿಯ ಭೋಂಗಾ, ಕೆಳಗೊಂದು ಕಟ್ಟಿಗೆಯ ಡೋಲು. ಎರಡೂ ಸಣ್ಣ ಮೋಟಾರುಗಳ ಮೇಲೆ ಗರಗರ ತಿರುಗುತ್ತವೆ. ತಿರುಗುವ ಭೋಂಗಾದಿಂದ ಬಂದ ದನಿ ಕೆರೆಯ ಮೇಲಿನಿಂದ ಬಂದಂತೆ ಅಲೆಅಲೆಯಾಗಿ ಬರುತ್ತದೆ. ಪೆಟ್ಟಿಗೆಯ ತಳದಲ್ಲಿ ವಾಲ್ವುಗಳ ಆಂಪ್ಲಿಫೈಯರ್. ಉಸ್ತಾದರು ಇಡೀ ಪೆಟ್ಟಿಗೆಗೆ 'ತಿರುಗೋ ಅಲಮಾರಿ' ಎಂದು ಹೆಸರಿಟ್ಟಿದ್ದರು. ಅದು ಕೆಟ್ಟಾಗಲೆಲ್ಲ ಅವರೇ ಬರಬೇಕು. ರಿಪೇರಿಯಾದ ಮರುಭಾನುವಾರ ಚರ್ಚಿನ ಹೊರಗೆ ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಆರಾಧನೆ ಮುಗಿಯುವವರೆಗೂ ಜೇಬಿನಲ್ಲಿ ಕೈಯಿಟ್ಟು ನಿಂತು ಕೇಳುತ್ತಿದ್ದರು. ಒಳಗೆ ಬನ್ನಿರೆಂದರೆ ನಕ್ಕೋ, ಬ್ಯಾಡ ಎಂದು ತಲೆಯಾಡಿಸುತ್ತಿದ್ದರು. "ನಿಮ್ಮ ದೇವರು ಬಾಳ ಸಮಾಧಾನಿ ಇದ್ದಾನ್ರಿ. ಅಷ್ಟು ಮಂದಿ ಅಪಸ್ವರದಾಗ ಹಾಡಿದ್ರೂ ಎದ್ದು ಹೋಗಲ್ಲ" ಎಂದು ನನ್ನನ್ನು ಕೆಣಕುತ್ತಿದ್ದರು.

ರೇಡಿಯೋ ತರುವವರು ಕಡಿಮೆಯಾದ ಮೇಲೆ ಅವರು ಅಂಗಡಿ ಮುಚ್ಚಿ ನಂದೂರಿನ ಒಂದು ದಾಲ್ ಮಿಲ್ಲಿಗೆ ಮೋಟಾರ್ ನೋಡಿಕೊಳ್ಳಲು ಸೇರಿದರು. ತೊಗರಿ ಒಡೆಯುವ ಆ ಯಂತ್ರಗಳ ನಡುವೆ ನಿಂತರೆ ಪಕ್ಕದವನು ಕಿರುಚಿದರೂ ಬಾಯಷ್ಟೇ ಕಾಣುತ್ತದೆ. ಮೌನವನ್ನು ಕೇಳಿಸುತ್ತ ಬದುಕಿದ ಮನುಷ್ಯ ಅಲ್ಲಿ ವರ್ಷಗಟ್ಟಲೆ ದುಡಿದರು. ಸಿಕ್ಕಾಗ ಹುಬ್ಬಿನ ಮೇಲೂ ತೊಗರಿಯ ಹಳದಿ ದೂಳು ಇರುತ್ತಿತ್ತು. ಹೆಂಡತಿ ತೀರಿದ ಮೇಲೆ ಮಗಳು ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಅಳಿಯನದು ಕೆಂಪು ಬಾಳೆಯ ತೋಟ. ಅಲ್ಲೂ ಅವರು ಹತಾರದ ಪೆಟ್ಟಿಗೆ ಕಟ್ಟಿಡಲಿಲ್ಲ. ಊರಿನ ಮಸೀದಿಯ ಮೈಕ್ ಸೆಟ್ಟನ್ನು ತಾವೇ ನೋಡಿಕೊಳ್ಳುತ್ತಿದ್ದರು.

ಹೋದ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ತಿರುಗೋ ಅಲಮಾರಿ ಗುಂಯ್‌ಗುಡಲು ಶುರುಮಾಡಿತು. ಜೇನುಗೂಡಿಗೆ ಕಲ್ಲು ಹೊಡೆದಂತಹ ಸದ್ದು. ಪಾದ್ರಿ ಅಯ್ಯನವರು ಪ್ರಸಂಗ ನಿಲ್ಲಿಸಿ ನನ್ನ ಕಡೆ ನೋಡಿದರು. ನಮ್ಮ ಕಮಿಟಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ, ಆದರೆ ಅವರಿಗೆ ದೇವರಿಗಿಂತ ವಾರಂಟಿಯ ಮೇಲೆ ಒಂದು ಗುಲಗಂಜಿ ತೂಕ ಹೆಚ್ಚು ವಿಶ್ವಾಸ. ಹೊಸ ಕೀಬೋರ್ಡ್ ತರುವ ಆಸೆ ಅವರಿಗೆ ಹಿಂದಿನಿಂದಲೂ ಇತ್ತು. ಈಸ್ಟರಿನ ಆರಾಧನೆಯಲ್ಲಿ ಆರ್ಗನ್ ಚೊಕ್ಕವಾಗಿ ನುಡಿದರೆ ಇರಲಿ, ಇಲ್ಲದಿದ್ದರೆ ಗುಜರಿಗೆ ಹೋಗಲಿ ಎಂದು ಕಮಿಟಿಯಲ್ಲಿ ತೀರ್ಮಾನವಾಯಿತು. ಗುಜರಿಯವನೊಬ್ಬ ಬಂದು ಪೆಟ್ಟಿಗೆಯ ಕಟ್ಟಿಗೆಯನ್ನು ಬೆರಳಲ್ಲಿ ತಟ್ಟಿ ನೋಡಿಯೂ ಹೋದ. ನನ್ನ ಲಂಗದ ವಯಸ್ಸಿನಿಂದ ನನ್ನ ಬೆರಳಿನ ಕೆಳಗಿದ್ದ ದನಿ ಅದು. ನನಗೆ ಮಕ್ಕಳಿಲ್ಲ, ಗಂಡ ಬೇಗ ಹೋದ. ಅಳಬೇಕಾದಾಗ ನಾನು ಮನೆಯಲ್ಲಿ ಅತ್ತವಳಲ್ಲ, ಖಾಲಿ ಚರ್ಚಿನಲ್ಲಿ ಅದರ ಮುಂದೆ ಕುಳಿತು ನುಡಿಸಿದವಳು. ಕಮಲಾಪುರಕ್ಕೆ ಫೋನ್ ಮಾಡಿದೆ.

ಒಂದು ಮಧ್ಯಾಹ್ನ ಅವರು ಹತಾರದ ಪೆಟ್ಟಿಗೆಯೊಂದಿಗೆ ಬಸ್ಸಿಳಿದು ಬಂದರು. ಕುಗ್ಗಿದ್ದರು. ಎಡಗೈ ಜೇಬಿನಲ್ಲೇ ಇತ್ತು. ಚರ್ಚಿನ ನೆಲದ ಮೇಲೆ ಕುಳಿತು, ಹಿಂದಿನ ಹಲಗೆ ಬಿಚ್ಚಿ, ಮೊದಲು ತಮ್ಮ ಹಳೆಯ ಪದ್ಧತಿಯಂತೆ ಕರೆಂಟಿನ ತಂತಿಯ ದಾರಿಯಲ್ಲಿ ಒಂದು ಮನೆಬಲ್ಬನ್ನು ಜೋಡಿಸಿ ಕರೆಂಟ್ ಕೊಟ್ಟರು. ಬಲ್ಬ್ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆಯೆಂದು ಅರ್ಥ. ಉರಿದು ಮಂಕಾದರೆ ಮಷೀನಿಗೆ ಜೀವವಿದೆ. ಬಲ್ಬ್ ಮಂಕಾಯಿತು. "ಜಿಂದಾ ಅದ" ಎಂದು ಅವರು ಗಡ್ಡ ಸವರಿಕೊಂಡರು. ಆ ಗುಂಯ್ ಸದ್ದಿಗೆ ಕಾರಣ ಊದಿಕೊಂಡು ಮೇಣ ಕಾರಿದ್ದ ಕಂಡೆನ್ಸರುಗಳು. ಅವನ್ನು ತೆಗೆದು, ತಮ್ಮ ಪೆಟ್ಟಿಗೆಯಿಂದ ಬೇರೆಯವನ್ನು ಹಾಕಿ, ಹಿಂದಕ್ಕೆ ಸರಿದು ಕುಳಿತರು.

"ಫ್ಯಾನ್ ಬಂದ್ ಮಾಡ್ರಿ ಅಕ್ಕೋರೇ. ಪರೀಕ್ಷಾ ಮಾಡೋಣು."

ಏಪ್ರಿಲ್ಲಿನ ಬಿಸಿಲು ಹೆಂಚಿನ ಮೇಲೆ ಕುಳಿತಿತ್ತು. ಫ್ಯಾನುಗಳೆಲ್ಲ ನಿಂತವು. ನಾನು ಆರ್ಗನ್ ಮುಂದೆ ಕುಳಿತು, ಯಾವ ಕೀಯನ್ನೂ ಒತ್ತದೆ, ದನಿಯ ಪೆಡಲನ್ನು ಪೂರ್ತಿ ಮೆಟ್ಟಿದೆ. ಗುಂಯ್ ಎಂಬುದು ಹೋಗಿತ್ತು. ಉಸ್ತಾದರು ಕಣ್ಣು ಮುಚ್ಚಿ ತಲೆ ಓರೆ ಮಾಡಿ ಕೇಳಿದರು. ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು.

"ಸಾಫ್ ಅದ. ಏನೂ ಇಲ್ಲ. ನೋಡ್ರಿ, ಮುದುಕಿ ಹೆಂಗ ಸುಮ್ಮಾಗ್ಯಾಳ."

ಆದರೆ ಅದು ಸುಮ್ಮನಾಗಿರಲಿಲ್ಲ. ಭೋಂಗಾದಿಂದ ತೆಳುವಾಗಿ, ಬಿಟ್ಟು ಬಿಟ್ಟು, ಒಗ್ಗರಣೆಯ ಕೊನೆಯ ಸಾಸಿವೆ ಸಿಡಿದಂತೆ ಚುರುಚುರು ಸದ್ದು ಬರುತ್ತಿತ್ತು. ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಪೆಟ್ಟಿಗೆಗೆ ನನಗಿಂತ ಹತ್ತಿರ ಕುಳಿತಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಸದ್ದು ಈಸ್ಟರಿನ ದಿನ ಸೆಕ್ರೆಟರಿಯ ಕಿವಿಗೆ ಬಿದ್ದರೆ ಪೆಟ್ಟಿಗೆ ಗುಜರಿಗೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಯಾರಿಗೂ ಮುಲಾಜು ತೋರದ ಆ ಮನುಷ್ಯನ ಮುಂದೆ ಸುಳ್ಳಾಡಲು ನನಗೆ ಬಾಯಿ ಬರಲಿಲ್ಲ.

"ಸಪ್ಪಳ ಅದ, ಉಸ್ತಾದ್" ಎಂದೆ.

ಅವರು ಕಣ್ಣು ತೆರೆದು ನನ್ನ ತುಟಿಗಳನ್ನು ನೋಡಿದರು. ಬಂದಾಗಿನಿಂದ ಮಾತಾಡುವಾಗಲೆಲ್ಲ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರೆಂಬುದು ನನಗೆ ಹೊಳೆದದ್ದು ಆಗ.

"ಎಂಥಾದ್ರೀ?"

"ಚುರುಚುರು ಅಂತದ. ಸಣ್ಣಗ."

ಅವರು ಭೋಂಗಾಕ್ಕೆ ಕಿವಿ ಹಚ್ಚಿದರು. ಆಮೇಲೆ ಇನ್ನೊಂದು ಕಿವಿ. ಆಮೇಲೆ ಮೆಲ್ಲಗೆ ಸ್ವಿಚ್ ಆರಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ನಾನು ಎದ್ದು ಫ್ಯಾನ್ ಹಾಕಲು ಹೋದರೆ ಬೇಡವೆಂದು ಕೈ ಅಲ್ಲಾಡಿಸಿದರು.

"ನಂಗ ಕೇಳಲ್ರಿ" ಎಂದರು. ಎದುರಿಗೆ ಬಿದ್ದ ಕಂಡೆನ್ಸರನ್ನು ನೋಡುತ್ತ ಮತ್ತೆ ಹೇಳಿದರು: "ಹಂಗಾದ್ರ ಮಸೀದಿ ಮೈಕ್ ಭೀ ಹಿಂಗೇ ಇರಬೇಕು. ಎಷ್ಟು ದಿನದಿಂದ ನಾನೇ ಸಾಫ್ ಅದ ಅಂತ ಹೇಳಿ ಕೂಡ್ತೀನಿ. ಅಜಾನ್ ಮ್ಯಾಲೆ ಸಪ್ಪಳ. ಎಲ್ಲಾರಿಗೂ ಕೇಳಿರ್ತದ. ಒಬ್ಬಾರೂ ಹೇಳ್ಲಿಲ್ಲ ನೋಡ್ರಿ."

"ನಿಮ್ಮ ಮ್ಯಾಲಿನ ಮರ್ಯಾದಿಗಿ ಸುಮ್ಮನಿದ್ದಿರಬೇಕ್ರಿ."

"ಹೌ. ಅದಬ್. ಅದಬಿನಾಗ ಮುದುಕನ್ನ ಕಿವುಡ ಮಾಡಿ ಕೂಡ್ಸ್ಯಾರ."

ಅವರು ಪೆಟ್ಟಿಗೆ ಮುಚ್ಚಿ ಎದ್ದು ಹೋಗುತ್ತಾರೆಂದು ನಾನು ಅಂದುಕೊಂಡೆ. ಅವರು ಹತಾರಗಳ ನಡುವಿನಿಂದ ಒಂದು ತೆಳ್ಳನೆಯ ಬಿದಿರು ಕಡ್ಡಿ ತೆಗೆದು ನನ್ನ ಕಡೆ ಚಾಚಿದರು.

"ಬರ್ರಿ, ಇಲ್ಲಿ ಕೂಡ್ರಿ. ನಾನು ತೋರಿಸ್ತೀನಿ, ನೀವು ಬಡೀರಿ. ಕಿವಿ ನಿಮ್ದು. ಮೊದ್ಲ ಎಡಗೈ ಕಟ್ಕೋರಿ."

"ಸೀರಿಗಿ ಜೇಬಿಲ್ಲಲ್ರೀ."

"ಸೆರಗು ಅದಲ್ಲ."

ನಾನು ಸೆರಗನ್ನು ಎಡಗೈಗೆ ಸುತ್ತಿ ಬೆನ್ನ ಹಿಂದಿಟ್ಟು, ನೆಲದ ಮೇಲೆ ಅವರ ಪಕ್ಕ ಕುಳಿತೆ. ಅವರು ಸ್ವಿಚ್ ಆರಿಸಿ ಒಂದು ವಾಲ್ವ್ ಕಿತ್ತಿಟ್ಟು ಮತ್ತೆ ಸ್ವಿಚ್ ಹಾಕುವುದು, "ಈಗ?" ಎನ್ನುವುದು; ನಾನು "ಅದ" ಎಂದರೆ ಅದನ್ನು ಮರಳಿ ಸಿಕ್ಕಿಸಿ ಇನ್ನೊಂದನ್ನು ಕೀಳುವುದು. ಮುಂದಿನ ಸಣ್ಣ ವಾಲ್ವ್ ಕಿತ್ತಾಗ ಸದ್ದು ನಿಂತಿತು. ಹಾಗಾದರೆ ರೋಗ ಅದರ ಆಸುಪಾಸಿನಲ್ಲಿದೆ ಎಂದರು. ಅದನ್ನು ಮತ್ತೆ ಕೂರಿಸಿ, ಅದರ ಬುಡದ ಒಂದೊಂದೇ ಜೋಡಣೆಯನ್ನು ಕಣ್ಣಲ್ಲಿ ತೋರಿಸಿದರು. ನಾನು ಕಡ್ಡಿಯ ತುದಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟುತ್ತ ಹೋದೆ. ಅವರು ಭೋಂಗಾದ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅವರೆಕಾಳಿನಷ್ಟು ದಪ್ಪದ, ಬಣ್ಣದ ಪಟ್ಟಿಗಳಿದ್ದ ಒಂದು ರೆಸಿಸ್ಟರಿಗೆ ಕಡ್ಡಿ ತಾಗಿದ್ದೇ ಸಾಸಿವೆ ಡಬ್ಬಿಯೇ ಬಾಣಲೆಗೆ ಮಗುಚಿದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಸಿಕ್ತು" ಎಂದರು. ನನ್ನ ಹುಬ್ಬು ನೋಡಿ ಅವರಿಗೆ ತಿಳಿದಿತ್ತು.

ಅದನ್ನು ಬದಲಾಯಿಸಿದ ಮೇಲೆ ಮತ್ತೆ ಫ್ಯಾನ್ ನಿಲ್ಲಿಸಿ ಕುಳಿತೆವು. ಈ ಸಲ ಕಣ್ಣು ಮುಚ್ಚಿ ಕೇಳಿದವಳು ನಾನು. ಹೊರಗೆ ಬೇವಿನ ಮರದಲ್ಲಿ ಅಳಿಲು ಕೂಗುವುದು ಕೇಳಿಸಿತು, ಪೆಟ್ಟಿಗೆಯಿಂದ ಏನೂ ಇಲ್ಲ.

"ಇಲ್ರಿ. ಸುಮ್ಮನಾಗ್ಯಾದ" ಎಂದೆ.

"ಖರೇ?"

"ಖರೇ."

ಆಮೇಲಷ್ಟೇ ಅವರು ನಾನು ಮೊದಲೇ ತಂದಿಟ್ಟಿದ್ದ ಚಹಾ ಮುಟ್ಟಿದರು. ಕೆಲಸ ಮುಗಿಯದೆ ಚಹಾ ಕುಡಿಯುವವರಲ್ಲ. ಅದು ಆರಿ ಕೆನೆ ಕಟ್ಟಿತ್ತು. ಬಿಸಿ ಮಾಡಿ ತರುತ್ತೇನೆಂದರೂ ಕೇಳದೆ ಬಸಿಯಲ್ಲಿ ಸುರಿದು ಕುಡಿದರು. ಹೊರಡುವಾಗ ತಿರುಗೋ ಅಲಮಾರಿಯ ಮೇಲೆ ಬಲಗೈ ಇಟ್ಟು ಹೇಳಿದರು:

"ಒಳಗಿನ ಬಾಕಿ ಸಾಮಾನೆಲ್ಲಾ ಇದೇ ವಯಸ್ಸಿನವು. ಇವತ್ತು ಒಂದು, ನಾಳಿ ಇನ್ನೊಂದು. ಸಪ್ಪಳ ಬಂತಂದ್ರ ಅಲ್ಲೇ ಬಂದ್ ಮಾಡ್ರಿ. ಸಪ್ಪಳದ ಮ್ಯಾಲೆ ಹಾಡಬ್ಯಾಡ್ರಿ. ಟ್ರಾನ್ಸ್‌ಫಾರ್ಮರ್ ಒಂದು ಸುಟ್ರ ಆಮ್ಯಾಲೆ ಯಾರ ಕೈಲೂ ಆಗಲ್ಲ."

ಈಸ್ಟರಿನ ಬೆಳಿಗ್ಗೆ ಆರ್ಗನ್ ಹೇಗೆ ನುಡಿಯಿತೆಂದರೆ, ಸೆಕ್ರೆಟರಿಯೇ ಬಂದು ಕೈ ಕುಲುಕಿದರು. ಕೀಬೋರ್ಡಿನ ಮಾತು ಹಿಂದೆ ಬಿತ್ತು. ನಾನು ನುಡಿಸುತ್ತ ನುಡಿಸುತ್ತ ಕಿಟಕಿಯಿಂದ ಬೇವಿನ ಮರದ ಕಡೆ ನೋಡುತ್ತಿದ್ದೆ. ಮರದ ಕೆಳಗೆ ಯಾರೂ ಇರಲಿಲ್ಲ. ಕೇಳದ ಕಿವಿ ಹೊತ್ತು ಅವರಾದರೂ ಯಾಕೆ ಬಂದಾರು. ಅಂದು ನನ್ನ ಸಂತೋಷ ಅರ್ಧಕ್ಕೇ ನಿಂತಿತು. ಆರ್ಗನ್ ಉಳಿಸಿಕೊಳ್ಳಲು ಮುದುಕನ ಕಿವಿಯನ್ನು ಅವನ ಕೈಗೇ ಕಿತ್ತುಕೊಟ್ಟೆನೇ ಎಂಬ ಪ್ರಶ್ನೆ ಆ ದಿನದಿಂದ ನನ್ನ ಜೊತೆಗಿದೆ.

ತೊಗರಿ ಹೂ ಬಿಟ್ಟಿದ್ದಾಗ ಮಗಳ ಫೋನ್ ಬಂತು. "ಅಬ್ಬಾ ಹೋದ್ರು ಅಕ್ಕೋರೇ" ಎಂದಳು. ಸಿಕ್ಕ ಬಸ್ಸು ಹತ್ತಿದೆ. ಮಹಾಗಾಂವದಲ್ಲಿ ಬಸ್ಸು ನಿಂತು, ಹೊಲಕ್ಕೆ ಹೋಗುವ ಹೆಂಗಸರು ಬುತ್ತಿ ಗಂಟು ಹಿಡಿದು ಗಲಗಲ ಮಾತಾಡುತ್ತ ಹತ್ತಿದರು. ನನಗೆ ಆ ಮಾತು ಬೇಡವಾಗಿತ್ತು. ರಸ್ತೆಯ ಎರಡೂ ಕಡೆ ಹಳದಿ ಹೂವು ತುಂಬಿ ನಿಂತಿತ್ತು, ಅದೂ ಬೇಡವಾಗಿತ್ತು.

ಇನ್ನೂ ಒಯ್ದಿರಲಿಲ್ಲ. ಅಂಗಳದ ತುಂಬ ಜನ. ಮಗಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮುಖ ತೋರಿಸಿದಳು. ಬಿಳಿ ಬಟ್ಟೆಯ ನಡುವೆ ಮುಖ ಸಣ್ಣದಾಗಿತ್ತು. ನನ್ನ ಕಣ್ಣು ತಾನಾಗಿಯೇ ಎಡಗಡೆಗೆ ಹೋಯಿತು. ಮಗಳಿಗೆ ಅದು ಗೊತ್ತಾಯಿತು.

"ಮುಂಜಾನೆ ಕುರ್ಚಿ ಮ್ಯಾಲೆ ಕೂತಲ್ಲೇ ಹೋಗ್ಯಾರ್ರೀ. ಕೈ ಜೇಬಿನಾಗೇ ಇತ್ತು. ಮೈ ತೊಳದು ಗುಸ್ಲ್ ಕೊಡೋರು ಹೊರಗ ತಗದು ಸೀದಾ ಮಾಡ್ಯಾರ" ಎಂದಳು. ಬಿಳಿ ಬಟ್ಟೆಯ ಅಂಚು ಸರಿಮಾಡುತ್ತ, "ಕಫನಿಗಿ ಜೇಬ್ ಇರಲ್ಲಲ್ರೀ" ಎಂದು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ನಾನು ಅಲ್ಲಿಯವರೆಗೂ ಅತ್ತಿರಲಿಲ್ಲ.

ಆಮೇಲೆ ಅವಳೇ ಹೇಳಿದಳು. ನಮ್ಮ ಚರ್ಚಿನಿಂದ ಮರಳಿದ ಮರುದಿನವೇ ಅವರು ಮಸೀದಿಗೆ ಹೋಗಿ, ಮೈಕ್ ಸೆಟ್ ಬೇರೆಯವರಿಗೆ ತೋರಿಸಿರಿ, ನನ್ನ ಕಿವಿ ಹೋಗಿದೆ ಎಂದು ಎಲ್ಲರ ಮುಂದೆ ಹೇಳಿ ಬಂದರಂತೆ. ಹತಾರದ ಪೆಟ್ಟಿಗೆಯನ್ನು ಮತ್ತೆ ತೆರೆಯಲಿಲ್ಲವಂತೆ.

"ನನ್ನ ಮ್ಯಾಲೆ ಸಿಟ್ಟಿತ್ತೇನವ್ವಾ?" ಎಂದು ಕೇಳಿದೆ.

"ಸಿಟ್ಟೇನಿಲ್ರಿ. ಬಾಳ ಬೇಜಾರಿನಾಗ ಇದ್ರು, ಅದು ಖರೇ. ಯಾರರೆ ಬಂದ್ರ ಒಂದೇ ಮಾತು ಅಂತಿದ್ರು. ಒಬ್ಬಾಕಿ ಹೇಳಿದಳು, ಬಾಕಿ ಎಲ್ಲಾರೂ ಸುಮ್ಮನಿದ್ರು ಅಂತ."

ಅದು ಹೊಗಳಿಕೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ. ಹೊರಡುವಾಗ ಅವಳು ಆ ಬಿದಿರು ಕಡ್ಡಿಯನ್ನು ನನ್ನ ಚೀಲದಲ್ಲಿಟ್ಟಳು.

ಕ್ರಿಸ್ಮಸ್ಸಿನ ಮುಂಚಿನ ಒಂದು ಭಾನುವಾರ. ಕೊನೆಯ ಗೀತೆ ನಡೆದಿತ್ತು, ಎರಡು ಚರಣಗಳ ನಡುವೆ ನನ್ನ ಬೆರಳು ಮೇಲೆದ್ದಾಗ ಕೇಳಿಸಿತು. ಚುರ್ ಎಂದಿತು, ನಿಂತಿತು, ಮತ್ತೆ ಎಂದಿತು. ಸಭೆ ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಅಣಿಯಾಗಿತ್ತು. ಯಾರ ಮುಖವೂ ಬದಲಾಗಲಿಲ್ಲ. ನಾನು ಸುಮ್ಮನೆ ಮುಂದುವರಿದಿದ್ದರೆ ಆ ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಬಹುಶಃ ಇನ್ನೂ ಹಲವು ಭಾನುವಾರಗಳು ಹಾಗೆಯೇ ಕಳೆಯುತ್ತಿದ್ದವು. ನಾನು ಕಿಟಕಿಯಾಚೆಗಿನ ಬೇವಿನ ಮರ ನೋಡಿದೆ. ಎಡಗೈಗೆ ಸೆರಗು ಸುತ್ತಿಕೊಂಡು, ಬಲಗೈಯಿಂದ ಸ್ವಿಚ್ ಆರಿಸಿದೆ. ಭೋಂಗಾ ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತಿತು. ಜನ ಒಂದು ಕ್ಷಣ ತಡವರಿಸಿ, ಉಳಿದ ಚರಣವನ್ನು ಬರಿಗಂಟಲಲ್ಲೇ ಹಾಡಿ ಮುಗಿಸಿದರು.

ಆರಾಧನೆಯಾದ ಮೇಲೆ ಸೆಕ್ರೆಟರಿ ನನ್ನ ಬಳಿ ಬಂದರು.

"ಯಾಕ್ರೀ ಟೀಚರ್, ನಡುವ ನಿಲ್ಲಿಸಿದ್ರಿ? ಚಲೋನೇ ಕೇಳ್ಲಾಕತ್ತಿತ್ತಲ್ರೀ. ಏನರೆ ಆಗ್ಯಾದೇನು?"

ಉಸ್ತಾದರಿಲ್ಲ, ಪೆಟ್ಟಿಗೆ ಬಿಚ್ಚಿ ನೋಡುವವರಿಲ್ಲ, ಗುಜರಿಯವನ ಅಂಗಡಿ ದೂರವೇನಿಲ್ಲ. ಸೆರಗು ಇನ್ನೂ ಎಡಗೈಗೆ ಸುತ್ತಿಕೊಂಡೇ ಇತ್ತು.

"ಸಪ್ಪಳ ಅದ್ರಿ" ಎಂದೆ.